ಮಾತ್ರೆ ತಪ್ಪಿಸಲಿಲ್ಲ, ಆದ್ರೂ ಲಿವರ್ ಕೆಟ್ಟಿದ್ದು ಯಾಕೆ?

"ಬರಿ, ಬೇಡ ಅನ್ನಲ್ಲ. ಆದ್ರೆ ಹೆಸರು ಹಾಕ್ಬೇಡ, ಬೀದಿ ಹೆಸರೂ ಹಾಕ್ಬೇಡ" ಅಂದರು ಅಕ್ಕ. ಹಾಗಾಗಿ ಇಲ್ಲಿ ಅವರು ಬರೀ ಅಕ್ಕ. ನಮ್ಮ ಕಡೆ ಸೀರೆಗೆ ಫಾಲ್ಸ್ ಹಾಕ್ಸೋಕೆ, ಬ್ಲೌಸ್ ಹೊಲಿಸೋಕೆ ಹೋಗೋದು ಅವರ ಹತ್ತಿರವೇ. ಹೇಳಿದ ದಿನಕ್ಕೆ ಹೇಳಿದ ಹೊತ್ತಿಗೆ ಬ್ಲೌಸ್ ಕೊಡುವ ಟೈಲರ್ ಈ ಕಾಲದಲ್ಲಿ ಸಿಗ್ತಾರಾ? ಅಕ್ಕ ಕೊಡ್ತಾರೆ. ಅದೇ ಶಿಸ್ತು ಅವರ ಮಾತ್ರೆ ವಿಷಯದಲ್ಲೂ ಇತ್ತು. ರಾತ್ರಿ ಒಂಬತ್ತಕ್ಕೆ ಮೊಬೈಲ್‌ನಲ್ಲಿ ಅಲಾರಾಂ, ಒಂಬತ್ತೂ ಎರಡಕ್ಕೆ ಮಾತ್ರೆ ಗಂಟಲಲ್ಲಿ.

ಅವರಿಗೆ ಎಚ್‌ಐವಿ ಇದೆ. ಗಂಡನಿಂದ ಬಂದದ್ದು. ಗಂಡ ಹೋಗಿ ಬಹಳ ವರ್ಷವಾಯ್ತು. 2008ರಲ್ಲಿ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದಾಗ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಶುರು ಮಾಡಿದರು. (ಸಿಡಿ4 ಅಂದ್ರೆ ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿ ಕಣಗಳಲ್ಲಿ ಒಂದು ಬಗೆ. ಎಚ್‌ಐವಿ ತಿನ್ನುವುದು ಅದನ್ನೇ.) ಆಮೇಲೆ ಎಣಿಕೆ ನಿಧಾನವಾಗಿ ಏರಿತು, ತೂಕ ಬಂತು, ಮಗಳ ಓದು ಮುಗಿಯಿತು. ಆದರೆ ನಾಲ್ಕೈದು ವರ್ಷದಿಂದ ಒಂದು ಸುಸ್ತು. ಮಧ್ಯಾಹ್ನ ಮಿಷನ್ ಮುಂದೆ ಕೂತ್ರೆ ಪೆಡಲ್ ತುಳಿಯೋಕೆ ಆಗದಷ್ಟು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. "ಮಾತ್ರೆ ಕಾವು ಕಣೇ" ಅಂತ ಅವರೇ ಸಮಾಧಾನ ಹೇಳ್ಕೊಂಡ್ರು. ತೋರಿಸಿದ ಕಡೆಯೂ ಅದನ್ನೇ ಹೇಳಿ ಕಳಿಸಿದರು.

ಕಾರಣ ಗೊತ್ತಾಗಿದ್ದು 2020ರ ಆರಂಭದಲ್ಲಿ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಬಹಳ ಕಡಿಮೆ ಬಂತು. ಹೊಸದಾಗಿ ಬಂದಿದ್ದ ವೈದ್ಯೆಯೊಬ್ಬರು ಹಳೇ ಫೈಲ್ ಪೂರ್ತಿ ತಿರುವಿ, "ನಿಮಗೆ ಯಾವತ್ತಾದ್ರೂ ರಕ್ತ ಕೊಟ್ಟಿದ್ದಾರಾ?" ಅಂತ ಕೇಳಿದರು. ಕೊಟ್ಟಿದ್ದರು. 1999ರಲ್ಲಿ ಮಗಳ ಹೆರಿಗೆ ಆದಾಗ ವಿಪರೀತ ರಕ್ತಸ್ರಾವವಾಗಿ ಮೂರು ಬಾಟಲಿ. ಇಪ್ಪತ್ತು ವರ್ಷದ ಹಿಂದಿನ ಆ ಬಾಟಲಿಯಲ್ಲಿ ಹೆಪಟೈಟಿಸ್ ಸಿ ಎಂಬ ವೈರಸ್ ಬಂದು ಅಕ್ಕನ ಲಿವರ್‌ನಲ್ಲಿ ಸದ್ದಿಲ್ಲದೆ ಸಂಸಾರ ಹೂಡಿತ್ತು.

"ಒಂದಕ್ಕೆ ದಿನಾ ಮಾತ್ರೆ ನುಂಗ್ತಿದ್ದೆ, ಇನ್ನೊಂದು ಒಳಗೇ ಕೂತು ನಗ್ತಿತ್ತು" ಅಂತಾರೆ ಅಕ್ಕ.

ಕಾಮಾಲೆಯೇ ಬೇರೆ, ಇದೇ ಬೇರೆ

ಕಾಮಾಲೆ ಅಂದ್ರೆ ನಮಗೆಲ್ಲ ಗೊತ್ತಿರೋದು ಒಂದೇ ಚಿತ್ರ. ಕಣ್ಣು ಹಳದಿ, ಊಟ ಸೇರಲ್ಲ, ಯಾರೋ ಹೇಳಿದ ಊರಿಗೆ ಬೆಳಗಿನ ಜಾವವೇ ಹೋಗಿ ಖಾಲಿ ಹೊಟ್ಟೆಗೆ ನಾಟಿ ಔಷಧಿ, ಆಮೇಲೆ ಹದಿನೈದು ದಿನ ಉಪ್ಪು ಖಾರ ಇಲ್ಲದ ಮಜ್ಜಿಗೆ ಅನ್ನ. ನಮ್ಮಜ್ಜಿ ಕಾಲದಲ್ಲಾದರೆ ತೋಳಿಗೆ ಬರೆ. ಇದು ಸಾಮಾನ್ಯವಾಗಿ ಹೆಪಟೈಟಿಸ್ ಎ ಅಥವಾ ಇ. ಕೊಳಕು ನೀರಿನಿಂದ ಬರುತ್ತೆ, ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ತಾನಾಗೇ ಹೋಗುತ್ತೆ. ಹೆಸರು ಮಾತ್ರ ಔಷಧಿ ಕೊಟ್ಟವರಿಗೆ! (ಬಸುರಿಯರಿಗೆ ಇ ಬಂದರೆ ಮಾತ್ರ ಆಟವಲ್ಲ, ಪ್ರಾಣಕ್ಕೇ ಅಪಾಯ. ಆಸ್ಪತ್ರೆ ಬಿಟ್ಟು ಬೇರೆಲ್ಲೂ ಹೋಗಬೇಡಿ.)

ಸಿ ಹಾಗಲ್ಲ. ಅದು ಬರುವುದು ರಕ್ತದಿಂದ ರಕ್ತಕ್ಕೆ. ಬಂದಾಗ ಬಹಳಷ್ಟು ಜನರಿಗೆ ಜ್ವರವೂ ಇಲ್ಲ, ಕಣ್ಣೂ ಹಳದಿಯಾಗಲ್ಲ. ಹತ್ತು ಜನರಿಗೆ ಸೋಂಕು ತಗುಲಿದರೆ ಸುಮಾರು ಮೂರು ಜನರ ದೇಹ ಆರು ತಿಂಗಳೊಳಗೆ ಅದನ್ನು ತಾನೇ ಓಡಿಸುತ್ತೆ. ಉಳಿದ ಏಳು ಜನರಲ್ಲಿ ಅದು ಖಾಯಂ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹಾಗೆ ಖಾಯಂ ಆದವರ ಪೈಕಿ ನೂರಕ್ಕೆ 15ರಿಂದ 30 ಜನರ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತೆ. ಅದೇ ಸಿರೋಸಿಸ್. ಕುಡಿಯುವವರಿಗೆ ಮಾತ್ರ ಬರುವ ಕಾಯಿಲೆ ಅಂತ ನಾವು ಅಂದ್ಕೊಂಡಿರ್ತೀವಲ್ಲ, ಅದು. ಅಕ್ಕ ಕುಡಿಯೋದಿರಲಿ, ಕಷಾಯಕ್ಕೆ ಕೂಡ ಮುಖ ಸಿಂಡರಿಸುವವರು.

ಈ ವೈರಸ್ಸಿಗೆ ಒಂದು ಹೆಸರು ಅಂತ ಸಿಕ್ಕಿದ್ದೇ 1989ರಲ್ಲಿ. ಅಲ್ಲಿಯವರೆಗೆ ವೈದ್ಯರು ಅದನ್ನು ಎ-ಯೂ ಅಲ್ಲದ ಬಿ-ಯೂ ಅಲ್ಲದ ಹೆಪಟೈಟಿಸ್ ಅಂತ ಕರೀತಿದ್ದರು! ಕಂಡುಹಿಡಿದ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಮೂವರಿಗೂ 2020ರಲ್ಲಿ ನೊಬೆಲ್ ಬಂತು, ಅಕ್ಕನಿಗೆ ಕಾಯಿಲೆ ಗೊತ್ತಾದ ವರ್ಷವೇ. ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆ ಎಚ್‌ಐವಿ ಪರೀಕ್ಷೆ 1989ರಿಂದಲೇ ಕಡ್ಡಾಯ. ದುಡ್ಡಿಗೆ ರಕ್ತ ಮಾರುವುದು 1998ರ ಜನವರಿಯಿಂದ ನಿಷೇಧ. ಆದರೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾಗಲು 2001ರವರೆಗೆ ಕಾಯಬೇಕಾಯ್ತು. ಆ ನಡುವೆ ರಕ್ತ ಹಾಕಿಸಿಕೊಂಡವರು ಯಾರ್ಯಾರು? ನಿಮ್ಮ ತಾಯಿ? ಅತ್ತೆ? ಹೆರಿಗೆ, ಗರ್ಭಕೋಶದ ಆಪರೇಷನ್, ಅಪಘಾತ... ನೆನಪು ಮಾಡ್ಕೊಳ್ಳಿ. ಇದಕ್ಕೆ ಮತ್ತೆ ಬರ್ತೀನಿ.

ಒಂದೇ ಮೈಯಲ್ಲಿ ಎರಡು

ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಒಬ್ಬರಲ್ಲೇ ಇದ್ದರೆ ಏನಾಗುತ್ತೆ? ಯಾವುದು ಯಾವುದನ್ನು ಕೆರಳಿಸುತ್ತೆ? ಅಕ್ಕನ ಫೈಲ್ ನೋಡಿದ ದಿನದಿಂದ ನನಗೂ ಇದೇ ತಲೆಯಲ್ಲಿ ಕೊರೀತಿತ್ತು. ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ಹೇಳ್ತೀನಿ.

ಎಚ್‌ಐವಿ ಇದ್ದರೆ ಹೆಪಟೈಟಿಸ್ ಸಿ ಜೋರಾಗುತ್ತೆ, ಇದರಲ್ಲಿ ಅನುಮಾನವೇ ಇಲ್ಲ. ಮೊದಲನೆಯದಾಗಿ, ಹತ್ತರಲ್ಲಿ ಮೂರು ಜನ ತಾವಾಗೇ ಗುಣವಾಗ್ತಾರೆ ಅಂದೆನಲ್ಲ, ಎಚ್‌ಐವಿ ಇದ್ದವರಲ್ಲಿ ಆ ಭಾಗ್ಯ ಇನ್ನೂ ಕಡಿಮೆ. ಕಾಲೊನಿಯ ವಾಚ್‌ಮನ್ನನ್ನೇ ಹೊಡೆದು ಮಲಗಿಸಿದ ಮೇಲೆ ಕಳ್ಳನನ್ನು ಓಡಿಸುವವರು ಯಾರು? ರಕ್ತದಲ್ಲಿ ಸಿ ವೈರಸ್ಸಿನ ಪ್ರಮಾಣವೂ ಇವರಲ್ಲಿ ಹೆಚ್ಚು. ಎರಡನೆಯದು ಸ್ವಲ್ಪ ಸೂಕ್ಷ್ಮ. ಎಚ್‌ಐವಿ ಮೈಗೆ ಬಂದ ಹೊಸದರಲ್ಲೇ ಕರುಳಿನ ಒಳಗೋಡೆಯನ್ನು ಹಾಳು ಮಾಡುತ್ತೆ. ಗೋಡೆ ಜರಡಿಯಂತಾದರೆ ಕರುಳಿನ ಬ್ಯಾಕ್ಟೀರಿಯಾಗಳ ಚೂರುಪಾರು ರಕ್ತಕ್ಕೆ ಸೋರುತ್ತೆ. ಕರುಳಿನ ರಕ್ತ ನೇರ ಹೋಗುವುದು ಲಿವರ್‌ಗೆ. ಮೊದಲೇ ನೊಂದ ಲಿವರ್ ಇನ್ನಷ್ಟು ಊದಿಕೊಂಡು, ಆ ಊತ ಆರಿದಲ್ಲೆಲ್ಲ ಗಾಯದ ಕಲೆಯಂತೆ ನಾರು ಬೆಳೆಯುತ್ತೆ. ಬರೀ ಸಿ ಇರುವವರಿಗೆ ಹೋಲಿಸಿದರೆ ಎರಡೂ ಇರುವವರಲ್ಲಿ ಸಿರೋಸಿಸ್ ಅಪಾಯ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ತಿಳಿದುಬಂದಿದೆ. ಎಚ್‌ಐವಿ ಮಾತ್ರೆ ತೆಗೆದುಕೊಂಡರೆ ಈ ವೇಗ ತಗ್ಗುತ್ತೆ, ಆದರೆ ಪೂರ್ತಿ ನಿಲ್ಲಲ್ಲ.

ಇನ್ನು ತಿರುಗಿಸಿ ಕೇಳೋಣ. ಹೆಪಟೈಟಿಸ್ ಸಿ ಇದ್ದರೆ ಎಚ್‌ಐವಿ ಬೇಗ ಏಡ್ಸ್ ಹಂತಕ್ಕೆ ಹೋಗುತ್ತಾ? ಇಲ್ಲಿ ವಿಜ್ಞಾನಿಗಳಲ್ಲೇ ಜಗಳ. 2000ದಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ ವೈದ್ಯರು, ಹೌದು, ಸಿ ಇದ್ದವರಲ್ಲಿ ಎಚ್‌ಐವಿ ಬೇಗ ಉಲ್ಬಣಿಸುತ್ತೆ, ಮಾತ್ರೆ ಕೊಟ್ಟರೂ ಸಿಡಿ4 ಅಷ್ಟು ಚೆನ್ನಾಗಿ ಏರಲ್ಲ ಅಂದರು. ಎರಡೇ ವರ್ಷಕ್ಕೆ, 2002ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವೈದ್ಯರು ಸುಮಾರು ಎರಡು ಸಾವಿರ ಜನರ ಲೆಕ್ಕ ಮುಂದಿಟ್ಟು, ಇಲ್ಲ, ಯಾರು ಎಚ್‌ಐವಿ ಔಷಧಿ ಪಡೆದರು, ಯಾರು ಪಡೆಯಲಿಲ್ಲ ಅನ್ನೋದನ್ನು ಲೆಕ್ಕಕ್ಕೆ ತಗೊಂಡರೆ ಆ ವ್ಯತ್ಯಾಸವೇ ಉಳಿಯಲ್ಲ ಅಂದರು. ಯೋಚಿಸಿ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ ಅನ್ಸುತ್ತೆ. ಆ ದೇಶಗಳಲ್ಲಿ ಎರಡೂ ಸೋಂಕು ಇದ್ದವರಲ್ಲಿ ಬಹಳ ಮಂದಿ ಸೂಜಿಯಲ್ಲಿ ಮಾದಕದ್ರವ್ಯ ಚುಚ್ಚಿಕೊಳ್ಳುವವರು. ಮನೆಯಿಲ್ಲ, ಕೆಲಸವಿಲ್ಲ, ಆಸ್ಪತ್ರೆಯಲ್ಲೂ ಅವರನ್ನು ಕಂಡರೆ ಮೂಗು ಮುರಿಯುವವರೇ. ಸರಿಯಾಗಿ ಮಾತ್ರೆ ಸಿಗದವರಿಗೆ ಕಾಯಿಲೆ ಹೆಚ್ಚಾದರೆ ತಪ್ಪು ಬರೀ ವೈರಸ್ಸಿನದಾ?

ಹಾಗಂತ ಸಿ ಇದ್ದರೂ ಪರವಾಗಿಲ್ಲ ಅಂತಲ್ಲ. 1996ರಿಂದೀಚೆ ಎಚ್‌ಐವಿಗೆ ಒಳ್ಳೆ ಔಷಧಿಗಳು ಒಟ್ಟಾಗಿ ಬಂದ ಮೇಲೆ ಏಡ್ಸ್‌ನಿಂದ ಸಾಯುವವರು ಕಡಿಮೆಯಾದರು. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ 23 ಸಾವಿರಕ್ಕೂ ಹೆಚ್ಚು ಎಚ್‌ಐವಿ ರೋಗಿಗಳನ್ನು ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ 2006ರಲ್ಲಿ ಹೊರಬಂತು. ಸತ್ತವರಲ್ಲಿ ನೂರಕ್ಕೆ 14ರಿಂದ 15 ಜನರನ್ನು ಕೊಂದದ್ದು ಲಿವರ್ ಕಾಯಿಲೆ. ಏಡ್ಸ್ ಬಿಟ್ಟರೆ ಮುಂದಿನ ಸ್ಥಾನ ಅದಕ್ಕೇ. ಆ ಲಿವರ್ ಸಾವುಗಳಲ್ಲಿ ಹೆಚ್ಚಿನವರಿಗೆ ಹೆಪಟೈಟಿಸ್ ಸಿ ಇತ್ತು. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟು ಮಲಗಿದ ಹಾಗಾಯ್ತು ನೋಡಿ. ಅಕ್ಕನ ಮನೆಯಲ್ಲಿ ಆಗಿದ್ದೂ ಅದೇ. ಅವರ ಎಚ್‌ಐವಿ ವೈರಲ್ ಲೋಡ್ ಪತ್ತೆಯಾಗದಷ್ಟು ಕಡಿಮೆಯಿತ್ತು. ಲಿವರ್ ಮಾತ್ರ ಆಗಲೇ ಸಿರೋಸಿಸ್ ಮುಟ್ಟಿತ್ತು.

ಔಷಧಿಗಳದ್ದೂ ಒಂದು ಪಾಲಿದೆ. ಎಚ್‌ಐವಿಯ ಹಳೇ ಮಾತ್ರೆಗಳಲ್ಲಿ ಕೆಲವು, ಮುಖ್ಯವಾಗಿ ನೆವಿರಪಿನ್, ಲಿವರ್‌ಗೆ ಭಾರ. ಜೊತೆಗೆ ಟಿ.ಬಿ. ಬಂದು ಅದರ ಮಾತ್ರೆಯೂ ಸೇರಿದರೆ ಕೇಳೋದೇ ಬೇಡ. ಹಾಗಂತ ಮಾತ್ರೆ ಬಿಡೋ ಯೋಚನೆ ಮಾಡಲೇಬೇಡಿ. ಮಾತ್ರೆ ಬಿಟ್ಟರೆ ಎರಡೂ ಕಡೆಯಿಂದ ಪೆಟ್ಟು.

ಮಣಿಪುರದ ಹೆಂಡತಿಯರು

ನಮ್ಮ ದೇಶದಲ್ಲಿ ಈ ಜೋಡಿ ಸೋಂಕನ್ನು ಎಲ್ಲರಿಗಿಂತ ಹೆಚ್ಚು ಉಂಡವರು ಮಣಿಪುರದವರು. ಮ್ಯಾನ್ಮಾರ್ ಗಡಿ ಅಲ್ಲೇ ಪಕ್ಕ, ಹೆರಾಯಿನ್ ಬರುವ ದಾರಿ. ಎಂಬತ್ತರ ದಶಕದಲ್ಲಿ ಅಲ್ಲಿನ ಹುಡುಗರು ಅದನ್ನು ಸೂಜಿಯಲ್ಲಿ ಚುಚ್ಚಿಕೊಳ್ಳೋಕೆ ಶುರು ಮಾಡಿದರು. ಸೂಜಿ ಸಿಗುವುದು ಕಷ್ಟ, ಒಂದೇ ಸೂಜಿ ಕೈಯಿಂದ ಕೈಗೆ. 1990ರ ಹೊತ್ತಿಗೆ ಎಚ್‌ಐವಿ ಅವರಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತ್ತು. 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿ ಎಚ್‌ಐವಿ ಇದ್ದ ಇಂಥವರನ್ನು ಪರೀಕ್ಷಿಸಿದಾಗ ನೂರರಲ್ಲಿ 90ಕ್ಕಿಂತ ಹೆಚ್ಚು ಜನರಲ್ಲಿ ಹೆಪಟೈಟಿಸ್ ಸಿ ಕೂಡ ಇತ್ತು.

ನನ್ನ ಮನಸ್ಸು ನಿಂತಿದ್ದು ಆ ಸಂಖ್ಯೆಯ ಮೇಲಲ್ಲ, ಅವರ ಹೆಂಡತಿಯರ ಮೇಲೆ. ಯಾವತ್ತೂ ಸೂಜಿ ಮುಟ್ಟದ ಹೆಣ್ಣುಮಕ್ಕಳು. ಅದೇ ಕಾಲದ ಅಧ್ಯಯನದಲ್ಲಿ ಎಚ್‌ಐವಿ ಇದ್ದ ಗಂಡಂದಿರ ಹೆಂಡತಿಯರಲ್ಲಿ ನೂರಕ್ಕೆ ಸುಮಾರು 45 ಜನರಿಗೆ ಎಚ್‌ಐವಿ ತಗುಲಿತ್ತು. ಹೆಪಟೈಟಿಸ್ ಸಿ ತಗುಲಿದ್ದು ಅದಕ್ಕಿಂತ ತೀರಾ ಕಡಿಮೆ ಜನರಿಗೆ. ಯಾಕೆ ಅಂದ್ರೆ ಎಚ್‌ಐವಿಗೆ ದಾಂಪತ್ಯವೇ ದಾರಿ, ಸಿ ವೈರಸ್ಸಿಗೆ ರಕ್ತವೇ ದಾರಿ. ಗಂಡ ಹೆಂಡಿರ ನಡುವೆ ಸಿ ಹರಡುವುದು ಅಪರೂಪ, ಆದರೂ ಎಚ್‌ಐವಿ ಜೊತೆಗಿದ್ದರೆ ಸ್ವಲ್ಪ ಹೆಚ್ಚು. ದಕ್ಷಿಣದಲ್ಲಿ ಎಚ್‌ಐವಿ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಬಂದದ್ದರಿಂದ ಇಲ್ಲಿ ಎರಡೂ ಸೇರಿದವರು ಮಣಿಪುರದಷ್ಟು ಇಲ್ಲ. ಬಹುಶಃ ಅದಕ್ಕೇ ಇರಬೇಕು, ನಮ್ಮ ಕಡೆ ಬಹಳ ಕಾಲ ಯಾರಿಗೂ ಆ ಇನ್ನೊಂದು ಪರೀಕ್ಷೆಯ ನೆನಪೇ ಬರಲಿಲ್ಲ. ಕಡಿಮೆ ಅಂದ್ರೆ ಇಲ್ಲ ಅಂತಲ್ಲ. ಅಕ್ಕನಿಗೆ ಒಂದು ಗಂಡನಿಂದ, ಇನ್ನೊಂದು ಹೆರಿಗೆ ವಾರ್ಡಿನಿಂದ. ಎರಡರಲ್ಲೂ ಅವರ ತಪ್ಪು ಏನಿತ್ತು ಹೇಳಿ?

ಐವತ್ತು ಲಕ್ಷದಿಂದ ಉಚಿತಕ್ಕೆ

ಈಗ ಒಳ್ಳೆ ಸುದ್ದಿ. ಎಚ್‌ಐವಿಯನ್ನು ಹತೋಟಿಯಲ್ಲಿಡಬಹುದು, ಮಾತ್ರೆ ಜೀವನಪರ್ಯಂತ. ಆದರೆ ಹೆಪಟೈಟಿಸ್ ಸಿ ಪೂರ್ತಿ ವಾಸಿಯಾಗುವ ಕಾಯಿಲೆ. ಹೌದು, ಪೂರ್ತಿ!

ಮೊದಲು ಹೀಗಿರಲಿಲ್ಲ. ಇಂಟರ್‌ಫೆರಾನ್ ಅಂತ ಇಂಜೆಕ್ಷನ್, ವಾರಕ್ಕೊಂದರಂತೆ 48 ವಾರ. ಪ್ರತಿ ಸಲ ಚಳಿಜ್ವರ, ಮೈಕೈ ನೋವು, ಕೆಲವರಿಗೆ ಬದುಕೇ ಬೇಡ ಅನ್ನಿಸುವಷ್ಟು ಖಿನ್ನತೆ. ಇಷ್ಟೆಲ್ಲ ಪಟ್ಟರೂ ಎಚ್‌ಐವಿ ಜೊತೆಗಿದ್ದವರಲ್ಲಿ ಗುಣವಾಗುತ್ತಿದ್ದವರು, 2004ರ ದೊಡ್ಡ ಅಧ್ಯಯನವೊಂದರ ಪ್ರಕಾರ, ನೂರಕ್ಕೆ 40. ಆಮೇಲೆ 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೊಸ್‌ಬುವಿರ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಮೂರು ತಿಂಗಳ ಕೋರ್ಸಿಗೆ ಬೆಲೆ ಎಷ್ಟು ಗೊತ್ತಾ? 84 ಸಾವಿರ ಡಾಲರ್. ಆಗಿನ ಲೆಕ್ಕದಲ್ಲಿ ಐವತ್ತು ಲಕ್ಷ ರೂಪಾಯಿಗೂ ಮೀರಿ. ಒಂದು ಮಾತ್ರೆಗೆ ಸಾವಿರ ಡಾಲರ್! 2014ರಲ್ಲಿ ನಮ್ಮ ದೇಶದ ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ಸಿಕ್ಕ ಮೇಲೆ ಬೆಲೆ ನೆಲಕ್ಕಿಳಿಯಿತು. 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನದಂದೇ, ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಅದರಡಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ.

ಸಾಮಾನ್ಯವಾಗಿ ಸೊಫೊಸ್‌ಬುವಿರ್ ಜೊತೆ ಡಕ್ಲಾಟಸ್‌ವಿರ್, 12 ವಾರ. ಸಿರೋಸಿಸ್ ಆಗಿದ್ದರೆ ಸೊಫೊಸ್‌ಬುವಿರ್ ಜೊತೆ ವೆಲ್ಪಟಸ್‌ವಿರ್, ಕೆಲವರಿಗೆ ಇನ್ನೂ ಹೆಚ್ಚು ಕಾಲ. ಎಚ್‌ಐವಿ ಇರಲಿ ಬಿಡಲಿ, 12 ವಾರ ಸರಿಯಾಗಿ ತಗೊಂಡವರಲ್ಲಿ ನೂರಕ್ಕೆ 95ರಷ್ಟು ಜನ ವಾಸಿಯಾಗ್ತಾರೆ.

ಆದರೆ ಈ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ನುಂಗುವ ಹಾಗಿಲ್ಲ. ಎಚ್‌ಐವಿಯ ಕೆಲವು ಮಾತ್ರೆಗೂ ಇದಕ್ಕೂ ಆಗಿಬರಲ್ಲ. ಇಫಾವಿರೆಂಜ್ ತಗೊಳ್ಳೋರಿಗೆ ಡಕ್ಲಾಟಸ್‌ವಿರ್ ಡೋಸ್ ಹೆಚ್ಚಿಸಬೇಕು. ವೆಲ್ಪಟಸ್‌ವಿರ್ ಅಂತೂ ಅದರ ಜೊತೆ ಕೊಡುವಂತೆಯೇ ಇಲ್ಲ, ನೆವಿರಪಿನ್ ಜೊತೆಗೂ ಕೊಡಲ್ಲ. ಅದಕ್ಕೇ ಅಕ್ಕನಿಗೆ ಮೊದಲು ಎಚ್‌ಐವಿ ಮಾತ್ರೆಯನ್ನೇ ಬದಲಾಯಿಸಿ, ಡೊಲುಟೆಗ್ರಾವಿರ್ ಇರುವ ಹೊಸ ಮಾತ್ರೆಗೆ ಹಾಕಿದರು. ಕಿಡ್ನಿ ಪರೀಕ್ಷೆ ಆಯ್ತು. ಹೆಪಟೈಟಿಸ್ ಬಿ ಇದೆಯಾ ಅಂತಲೂ ನೋಡಿದರು. ಬಿ ಒಳಗೆ ಮಲಗಿದ್ದರೆ ಸಿ ಹೋಗುತ್ತಿದ್ದ ಹಾಗೆ ಅದು ಎದ್ದು ಕೂರಬಹುದು. ಈ ನಡುವೆ ಕೊರೊನಾ, ಲಾಕ್‌ಡೌನ್. ಬಸ್ಸಿಲ್ಲ, ಆಸ್ಪತ್ರೆಯಲ್ಲಿ ಬೇರೆ ಗಲಾಟೆ. ಅಂತೂ ಚಿಕಿತ್ಸೆ ಶುರುವಾಗಿದ್ದು 2021ರಲ್ಲಿ. 84 ದಿನ. ಕ್ಯಾಲೆಂಡರಿನಲ್ಲಿ ದಿನಾ ಒಂದೊಂದು ಮನೆಗೆ ಟೈಲರ್ ಸೀಮೆಸುಣ್ಣದಲ್ಲಿ ಗೆರೆ ಎಳೀತಿದ್ದರು. ಮುಗಿದು ಮತ್ತೆ 12 ವಾರ ಬಿಟ್ಟು ಪರೀಕ್ಷೆ ಮಾಡಿದಾಗ ರಕ್ತದಲ್ಲಿ ವೈರಸ್ ಇರಲಿಲ್ಲ.

ಸಿಹಿ ಹಂಚೋಕೆ ಬಂದ ಅಕ್ಕನ ಮುಖದಲ್ಲಿ ಪೂರ್ತಿ ನಗು ಇರಲಿಲ್ಲ. ವೈರಸ್ ಹೋಯ್ತು, ಸಿರೋಸಿಸ್ ಹೋಗಿರಲಿಲ್ಲ. ಹಾಗೆ ಗಟ್ಟಿಯಾದ ಲಿವರ್‌ನಲ್ಲಿ ಮುಂದೆ ಕ್ಯಾನ್ಸರ್ ಬರುವ ಅಪಾಯ ಕಡಿಮೆಯಾಗುತ್ತೆಯೇ ಹೊರತು ಇಲ್ಲವಾಗಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿದ್ದಲ್ಲ. "ಹತ್ತು ವರ್ಷ ಮೊದಲೇ ಯಾರಾದ್ರೂ ಆ ಒಂದು ಪರೀಕ್ಷೆ ಬರೆದುಕೊಟ್ಟಿದ್ರೆ?" ಅಂತ ಅಕ್ಕ ಕೇಳಿದಾಗ ನಾನೇನು ಹೇಳಲಿ? ಹತ್ತು ವರ್ಷ ಮೊದಲು ಈ ಮಾತ್ರೆ ಇರಲಿಲ್ಲ, ನಿಜ. 2018ರಲ್ಲಂತೂ ಇತ್ತಲ್ಲ.

ಯಾರು ಪರೀಕ್ಷೆ ಮಾಡಿಸ್ಕೋಬೇಕು?

ಎಚ್‌ಐವಿ ಇರುವ ಪ್ರತಿಯೊಬ್ಬರೂ. ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ನಿಮ್ಮ ಬಂಧುಗಳಲ್ಲೋ ಪರಿಚಯದವರಲ್ಲೋ ಯಾರಾದರೂ ಇದ್ದರೆ, "ಹೆಪಟೈಟಿಸ್ ಬಿ, ಸಿ ಎರಡೂ ನೋಡಿದ್ದಾರಾ?" ಅಂತ ಕೇಳೋಕೆ ಹೇಳಿ. ಫೈಲಿನಲ್ಲಿ ಕಾಣದಿದ್ದರೆ ಬಾಯಿಬಿಟ್ಟು ಕೇಳಬೇಕು. 2001ಕ್ಕೆ ಮೊದಲು ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಪದೇ ಪದೇ ರಕ್ತ ಬೇಕಾಗುವ ಥಲಸ್ಸೇಮಿಯಾ, ಹಿಮೊಫಿಲಿಯಾ ಮಕ್ಕಳು, ಒಂದೇ ಸಿರಿಂಜ್ ಎಲ್ಲರಿಗೂ ಚುಚ್ಚುವ ಕಡೆ ಇಂಜೆಕ್ಷನ್ ತಗೊಂಡವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು ಕೂಡ.

ಪರೀಕ್ಷೆ ಎರಡು ಹಂತ. ಮೊದಲು ಆ್ಯಂಟಿಬಾಡಿ. ಅದು ಪಾಸಿಟಿವ್ ಬಂದರೆ ಯಾವತ್ತೋ ಸಿ ವೈರಸ್ ಮೈಗೆ ಬಂದಿತ್ತು ಅಂತ ಅರ್ಥ ಅಷ್ಟೇ. ಈಗಲೂ ಇದೆಯಾ ಅನ್ನೋದನ್ನು ಹೇಳುವುದು ಎರಡನೆಯದು, ಆರ್‌ಎನ್‌ಎ ಪರೀಕ್ಷೆ. ವಾಸಿಯಾದ ಮೇಲೂ ಆ್ಯಂಟಿಬಾಡಿ ಪಾಸಿಟಿವ್ ಆಗಿಯೇ ಉಳಿಯುತ್ತೆ, ಅದನ್ನು ನೋಡಿ ಗಾಬರಿಯಾಗಬೇಡಿ. ಎಚ್‌ಐವಿಯಿಂದ ಸಿಡಿ4 ತೀರಾ ಕುಸಿದವರಲ್ಲಿ ಇದಕ್ಕೆ ಉಲ್ಟಾ ಆಗಬಹುದು, ವೈರಸ್ ಇದ್ದರೂ ಆ್ಯಂಟಿಬಾಡಿ ನೆಗೆಟಿವ್. ಅಂಥವರಿಗೆ ಸಂಶಯವಿದ್ದರೆ ನೇರವಾಗಿ ಆರ್‌ಎನ್‌ಎ ಮಾಡಿಸಬೇಕು. ಇನ್ನೊಂದು, ಒಮ್ಮೆ ವಾಸಿಯಾದರೆ ಮತ್ತೆ ಬರಲ್ಲ ಅಂತಿಲ್ಲ. ಬಿ-ಗೆ ಲಸಿಕೆ ಇದೆ, ಸಿ-ಗೆ ಇಲ್ಲ.

ಮಗು ಬೇಕೆನ್ನುವವರಿಗೆ ಒಂದು ಮಾತು. ತಾಯಿಗೆ ಬರೀ ಸಿ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 6. ಎಚ್‌ಐವಿಯೂ ಇದ್ದರೆ ಅದು ಹೆಚ್ಚುಕಡಿಮೆ ದುಪ್ಪಟ್ಟು. ಗರ್ಭಿಣಿಯಿದ್ದಾಗ ಸಾಮಾನ್ಯವಾಗಿ ಸಿ ಮಾತ್ರೆ ಕೊಡುವುದಿಲ್ಲ, ಹಾಗಾಗಿ ಮೊದಲೇ ಪರೀಕ್ಷೆ, ಮೊದಲೇ ಚಿಕಿತ್ಸೆ ಮುಗಿಸಿಕೊಂಡರೆ ಒಳ್ಳೆಯದು. ಅಕ್ಕನ ಮಗಳು ಹುಟ್ಟಿದ ಮೇಲೆ ಅವರಿಗೆ ರಕ್ತ ಕೊಟ್ಟದ್ದು. ಆದರೂ ಮನಸ್ಸು ಕೇಳಬೇಕಲ್ಲ, ಮಗಳಿಗೂ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ.

ಮನೆಯೊಳಗೆ

ಒಂದೇ ತಟ್ಟೆ, ಒಂದೇ ಲೋಟ, ಒಂದೇ ಬಚ್ಚಲು, ತಬ್ಬಿಕೊಳ್ಳೋದು, ಕೆಮ್ಮು, ಸೊಳ್ಳೆ... ಇದ್ಯಾವುದರಿಂದಲೂ ಎಚ್‌ಐವಿಯೂ ಬರಲ್ಲ, ಸಿ-ಯೂ ಬರಲ್ಲ. ಬೇರೆ ಇಡಬೇಕಾದದ್ದು ರೇಜರ್, ಬ್ಲೇಡು, ಟೂತ್‌ಬ್ರಷ್, ಉಗುರು ಕತ್ತರಿ. ಮತ್ತೆ ಸಕ್ಕರೆ ಕಾಯಿಲೆಯವರು ಬೆರಳಿಗೆ ಚುಚ್ಚಿಕೊಳ್ಳುವ ಪಿನ್ನು. ಇದನ್ನು ಎಷ್ಟೋ ಮನೆಯಲ್ಲಿ ಅತ್ತೆ ಮಾವ ಇಬ್ಬರಿಗೂ ಒಂದೇ ಉಪಯೋಗಿಸೋದನ್ನ ನಾನೇ ನೋಡಿದ್ದೀನಿ. ಬೇಡ, ಬಿಡಿಸಿ.

ಲಿವರ್ ನೊಂದವರಿಗೆ ಮದ್ಯ ಒಂದು ತೊಟ್ಟೂ ಬೇಡ. ಏನಿದೆ ಅಂತ ಗೊತ್ತಿಲ್ಲದ ನಾಟಿ ಪುಡಿ, ಲೇಹ್ಯಗಳೂ ಬೇಡ. ತಲೆನೋವಿಗೆ ಅಂತ ಪ್ಯಾರಾಸಿಟಮಾಲ್ ಕೂಡ ಡಾಕ್ಟರ್ ಹೇಳಿದ ಅಳತೆ ಮೀರದಿರಲಿ. ಎಲ್ಲದಕ್ಕೂ ಬೇಡ ಬೇಡ ಅಂದ್ರೆ ಹೇಗೆ, ಏನಾದ್ರೂ ಬೇಕು ಅನ್ನೋದು ಇದೆಯಾ ಅಂದ್ರಾ? ಇದೆ, ಕಾಫಿ! ಫ್ರಾನ್ಸಿನಲ್ಲಿ ಎಚ್‌ಐವಿ ಮತ್ತು ಸಿ ಎರಡೂ ಇದ್ದ ಸಾವಿರಕ್ಕೂ ಹೆಚ್ಚು ಜನರನ್ನು ಐದು ವರ್ಷ ಗಮನಿಸಿದಾಗ, ದಿನಕ್ಕೆ ಮೂರು ಅಥವಾ ಹೆಚ್ಚು ಕಪ್ ಕಾಫಿ ಕುಡಿಯುವವರಲ್ಲಿ ಸಾವಿನ ಪ್ರಮಾಣ ಅರ್ಧದಷ್ಟಿತ್ತು ಅಂತ 2017ರಲ್ಲಿ ವರದಿಯಾಯಿತು. ಕಾಫಿಯೇ ಕಾಪಾಡಿತು ಅಂತ ಇದರಿಂದ ಸಾಬೀತಾಗಲ್ಲ, ಔಷಧಿಗೆ ಬದಲು ಕಾಫಿ ಅಂತಲೂ ಅಲ್ಲ. ಆದರೆ ಕಾಮಾಲೆ ಹೆಸರು ಹೇಳಿ ಅಕ್ಕನ ಫಿಲ್ಟರ್ ಕಾಫಿ ಬಿಡಿಸಿದ್ದ ನೆಂಟರಿಗೆ ನಾನಿದನ್ನು ಓದಿ ಹೇಳಿದ್ದು ಮಾತ್ರ ನಿಜ.

ಹೇಳಿಕೊಂಡರೆ ಜನ ಏನಂತಾರೋ ಅನ್ನೋ ಭಯ ಇದೆಯಲ್ಲ, ಅದು ಸುಳ್ಳಲ್ಲ. ಅಕ್ಕನ ಹಳೇ ಬಾಡಿಗೆ ಮನೆಯವರು ವಿಷಯ ತಿಳಿದು ತಿಂಗಳೊಳಗೆ ಖಾಲಿ ಮಾಡಿಸಿದ್ದರು. ಆಗ ಕೇಳೋಕೆ ಕಾನೂನೂ ಇರಲಿಲ್ಲ. ಎಚ್‌ಐವಿ ಇರುವವರನ್ನು ಮನೆ, ಕೆಲಸ, ಶಾಲೆ, ಆಸ್ಪತ್ರೆಗಳಲ್ಲಿ ಭೇದ ಮಾಡುವ ಹಾಗಿಲ್ಲ, ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಅವರ ವಿಷಯ ಬಯಲು ಮಾಡುವ ಹಾಗಿಲ್ಲ ಅಂತ 2017ರ ಕಾಯ್ದೆ ಹೇಳುತ್ತೆ. 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ಹೆಸರು ಹೇಳದೆ ಫೋನಿನಲ್ಲೇ ಕೇಳಿ ತಿಳ್ಕೋಬೇಕು ಅನ್ನೋರಿಗೆ 1097 ಇದೆ, ದುಡ್ಡಿಲ್ಲ.

ಇನ್ನು ರಕ್ತದ ಬಾಟಲಿಯ ಮಾತಿಗೆ ಮತ್ತೆ ಬರ್ತೀನಿ ಅಂದಿದ್ದೆ. ನಮ್ಮಮ್ಮನಿಗೆ 1998ರಲ್ಲಿ ಗರ್ಭಕೋಶ ತೆಗೆದಾಗ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ನಾನಾಗ ಇನ್ನೂ ಸಣ್ಣವಳು. ಮಂಚದ ಪಕ್ಕ ತೂಗಾಡುತ್ತಿದ್ದ ಆ ಕೆಂಪು ಬಾಟಲಿ ಕಣ್ಣಿಗೆ ಕಟ್ಟಿದ ಹಾಗಿದೆ. ಪರೀಕ್ಷೆ ಮಾಡಿಸೋಣ ಬಾ ಅಂದ್ರೆ ಅಮ್ಮ ಕೆಂಡಾಮಂಡಲ. "ನನಗ್ಯಾಕೆ ಅಂಥಾ ಪರೀಕ್ಷೆ? ಲ್ಯಾಬಿನವರು ಏನು ತಿಳ್ಕೊಂಡಾರು?" ಎರಡು ತಿಂಗಳು ಮುಂದೂಡಿದರು. ಕೊನೆಗೆ ಅಕ್ಕನೇ ಒಂದು ಮಧ್ಯಾಹ್ನ ಬ್ಲೌಸ್ ಕೊಡೋ ನೆಪದಲ್ಲಿ ಬಂದು, ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು ಒಂದು ಗಂಟೆ ಮಾತಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಅಮ್ಮ ತಾವೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

ವರದಿ ನೆಗೆಟಿವ್ ಬಂತು. ಅಮ್ಮ ಅದನ್ನು ಮಡಿಸಿ ರೇಷನ್ ಕಾರ್ಡ್ ಜೊತೆ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ಅಕ್ಕನ ಮುಂದಿನ ಸ್ಕ್ಯಾನಿಂಗ್ ದೀಪಾವಳಿ ಕಳೆದ ಮೇಲೆ. ಜೊತೆಗೆ ಹೋಗುವವರು ಅಮ್ಮ.